ಊರ ಕನ್ನಡ ಶಾಲೆಯಿಂದ ಇಂಟರ್‌ನ್ಯಾಷನಲ್ ಶಾಲೆಗೆ: ನಮ್ಮ ಜಿಲ್ಲೆಯ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರ ಕಡೆಯ ಪರಿಚಯದವರ ಫೋನ್ ಶುರುವಾಗುತ್ತದೆ. ನನ್ನ ಮಗಳು ಊರ ಕನ್ನಡ ಶಾಲೆಯಲ್ಲಿ ಐದನೇ ತರಗತಿ ಮುಗಿಸಿ ಬೆಂಗಳೂರಿನ ಇಂಥದ್ದೊಂದು ಶಾಲೆಗೆ ಹೋದವಳು, ಹಾಗಾಗಿ ನನ್ನನ್ನು ಕೇಳುತ್ತಾರೆ. ಹೊಸ ಶಾಲೆಯಲ್ಲಿ ಏನು ಸಿಗುತ್ತದೆ ಅಂತ ಆ ಶಾಲೆಯವರೇ ಚೆನ್ನಾಗಿ ಹೇಳುತ್ತಾರೆ. ಊರ ಶಾಲೆ ಬಿಟ್ಟರೆ ಏನು ಕೈತಪ್ಪುತ್ತದೆ ಅಂತ ಯಾರೂ ಹೇಳುವುದಿಲ್ಲ. ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಇಂಟರ್‌ನ್ಯಾಷನಲ್ ಶಾಲೆ ಅಂದರೆ ನಿಜವಾಗಿ ಏನು?

ಮೊದಲು ಬೋರ್ಡಿನ ಮೇಲಿನ ಹೆಸರು ಮರೆತುಬಿಡಿ. ಹೆಸರಿನಲ್ಲಿ "ಇಂಟರ್‌ನ್ಯಾಷನಲ್" ಅಂತ ಇರುವ ಎಷ್ಟೋ ಶಾಲೆಗಳು ಸಿಬಿಎಸ್‌ಇ ಶಾಲೆಗಳು. ಕೆಲವು ನಮ್ಮ ರಾಜ್ಯ ಪಠ್ಯಕ್ರಮವನ್ನೇ ಇಂಗ್ಲಿಷಿನಲ್ಲಿ ಕಲಿಸುತ್ತವೆ. ಅದೇನು ತಪ್ಪಲ್ಲ, ಆದರೆ ನೀವು ದುಡ್ಡು ಕೊಡುವುದು ಯಾವುದಕ್ಕೆ ಅಂತ ನಿಮಗೆ ಗೊತ್ತಿರಬೇಕು ಅಲ್ವಾ?

ಕೇಳಬೇಕಾದ್ದು ಒಂದೇ ಮಾತು: "ಹತ್ತನೇ ತರಗತಿಯಲ್ಲಿ ಮಕ್ಕಳು ಯಾವ ಬೋರ್ಡ್ ಪರೀಕ್ಷೆ ಬರೆಯುತ್ತಾರೆ?" ಎಸ್‌ಎಸ್‌ಎಲ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ ಅಂದರೆ ಅದು ಭಾರತದ ಬೋರ್ಡ್. ಕೇಂಬ್ರಿಡ್ಜ್ ಐಜಿಸಿಎಸ್‌ಇ ಅಥವಾ ಐಬಿ ಅಂದರೆ ಮಾತ್ರ ಹೊರಗಿನ ಬೋರ್ಡ್. ಬಾಯಿಮಾತಿಗೆ ಬಿಡಬೇಡಿ. ಸಿಬಿಎಸ್‌ಇ, ಐಬಿ, ಕೇಂಬ್ರಿಡ್ಜ್ ಮೂರೂ ತಮ್ಮ ಮಾನ್ಯತೆ ಪಡೆದ ಶಾಲೆಗಳನ್ನು ಸ್ವಂತ ವೆಬ್‌ಸೈಟಿನಲ್ಲಿ ಹುಡುಕಲು ಬಿಟ್ಟಿವೆ. ಅಲ್ಲಿ ಶಾಲೆಯ ಹೆಸರಿಲ್ಲ, "ಅರ್ಜಿ ಹಾಕಿದ್ದೇವೆ, ಇನ್ನೇನು ಬರುತ್ತದೆ" ಅಂತಾರೆ ಅಂದರೆ, ಬರುವವರೆಗೆ ಕಾಯಿರಿ.

ಐಬಿ ಮತ್ತು ಕೇಂಬ್ರಿಡ್ಜ್ ನಡುವೆ ಏನು ವ್ಯತ್ಯಾಸ?

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ. ಚಿಕ್ಕ ಮಕ್ಕಳಿಗೆ ಪಿವೈಪಿ, ನಡುವಿನವರಿಗೆ ಎಂವೈಪಿ, ಕೊನೆಯ ಎರಡು ವರ್ಷಕ್ಕೆ ಡಿಪ್ಲೊಮಾ. ಡಿಪ್ಲೊಮಾದಲ್ಲಿ ಆರು ವಿಷಯ, ಒಟ್ಟು 45 ಅಂಕ, ಜೊತೆಗೆ ಒಂದು ದೊಡ್ಡ ಪ್ರಬಂಧ ಬರೆಯಬೇಕು. ಪಿವೈಪಿಯಲ್ಲಿ ಒಂದೊಂದು ಪಾಠಪುಸ್ತಕ ಹಿಡಿದು ಮುಗಿಸುವ ಕ್ರಮ ಇಲ್ಲ, ಒಂದು ವಿಷಯ ಎತ್ತಿಕೊಂಡು ವಾರಗಟ್ಟಲೆ ಕೆದಕುತ್ತಾರೆ. ಕೇಂಬ್ರಿಡ್ಜ್‌ನಲ್ಲಿ ವಿಷಯವಾರು ಪಠ್ಯ, ವಿಷಯವಾರು ಪರೀಕ್ಷೆ. ಹತ್ತಕ್ಕೆ ಐಜಿಸಿಎಸ್‌ಇ, ಹನ್ನೆರಡಕ್ಕೆ ಎ ಲೆವೆಲ್. ನಮ್ಮ ಕ್ರಮಕ್ಕೆ ಕೇಂಬ್ರಿಡ್ಜ್ ಸ್ವಲ್ಪ ಹತ್ತಿರ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಗೆ ಇರುವ ನಲಿ-ಕಲಿ ಇದೆಯಲ್ಲ, ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವುದು, ಅದು ಪಿವೈಪಿಗೆ ಬಹಳ ಹತ್ತಿರದ ಕ್ರಮ. ನಲಿ-ಕಲಿಯಿಂದ ಬಂದ ಮಗು ಗುಂಪಿನಲ್ಲಿ ಕೆಲಸ ಮಾಡಲು ಹೆದರುವುದಿಲ್ಲ. ಹೆದರುವುದು ಭಾಷೆಗೆ ಮಾತ್ರ.

ಊರ ಶಾಲೆಯಲ್ಲಿ ಕಲಿಕೆ ಚೆನ್ನಾಗಿಲ್ಲ ಅಂತ ಬಿಡಿಸುತ್ತಿದ್ದೇವೆ. ಸರಿಯಾ?

ನಿಮ್ಮ ಶಾಲೆಯಲ್ಲಿ ಅಕ್ಕೋರು ಒಬ್ಬರೇ ಇದ್ದು ಐದು ತರಗತಿ ನೋಡಿಕೊಳ್ಳುತ್ತಿದ್ದರೆ, ಮಗುವಿನ ವಯಸ್ಸಿನ ಜೊತೆಗಾರರೇ ಇಲ್ಲದಿದ್ದರೆ, ಅದು ಸರಿಯಾದ ಕಾರಣ. ಘಟ್ಟದ ಮೇಲೆ ಇಂಥ ಶಾಲೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಆದರೆ "ಊರ ಶಾಲೆ ಅಂದ ಮೇಲೆ ಕಡಿಮೆಯೇ" ಅನ್ನುವುದು ಸುಳ್ಳು. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉತ್ತರ ಕನ್ನಡ ರಾಜ್ಯಕ್ಕೆ ಮೂರನೇ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ ಮತ್ತು ಉಡುಪಿಯ ನಂತರ. ಇಂಗ್ಲಿಷ್ ಒಂದಕ್ಕಾಗಿಯೇ ಬಿಡಿಸುವುದಾದರೆ ಮೊದಲು ಹತ್ತಿರದ ಕರ್ನಾಟಕ ಪಬ್ಲಿಕ್ ಸ್ಕೂಲ್ ನೋಡಿ, ಅದು ಇಂಗ್ಲಿಷ್ ಮಾಧ್ಯಮವೂ ಇರುವ ಸರ್ಕಾರಿ ಶಾಲೆ. ಆರನೇ ತರಗತಿಗೆ ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಪರೀಕ್ಷೆ ಬರೆಸಿ, ಸಿಕ್ಕರೆ ಊಟ, ವಸತಿ, ಪಾಠ ಎಲ್ಲ ಉಚಿತ, ಬೋರ್ಡ್ ಸಿಬಿಎಸ್‌ಇ. ಪಕ್ಕದ ಮನೆಯವರ ಮಗ ಹೋದ ಅಂತ ಹಾಕುವುದಾದರೆ ನನ್ನ ಉತ್ತರ ಬೇಡ ಅಂತಲೇ.

ಯಾವ ತರಗತಿಯಲ್ಲಿ ಬದಲಿಸಿದರೆ ಒಳ್ಳೆಯದು?

ನನ್ನ ಅಭಿಪ್ರಾಯ: ಐದು ಮುಗಿಸಿ ಆರಕ್ಕೆ. ಅಷ್ಟರಲ್ಲಿ ಮಗುವಿಗೆ ಕನ್ನಡ ಓದು ಬರಹ ಗಟ್ಟಿಯಾಗಿರುತ್ತದೆ, ಹೊಸ ಭಾಷೆಗೆ ಹೊಂದಿಕೊಳ್ಳಲು ಹತ್ತನೇ ತರಗತಿಗೆ ಮೊದಲು ಸಾಕಷ್ಟು ವರ್ಷ ಕೈಯಲ್ಲಿರುತ್ತವೆ. ಏಳಕ್ಕೂ ಆದೀತು. ಎಂಟಕ್ಕೆ ಕಷ್ಟ.

ಒಂಬತ್ತು, ಹತ್ತರಲ್ಲಿ ಬೇಡವೇ ಬೇಡ. ಐಜಿಸಿಎಸ್‌ಇ ಎರಡು ವರ್ಷದ ಕೋರ್ಸ್, ಸಾಮಾನ್ಯವಾಗಿ ಒಂಬತ್ತರಲ್ಲೇ ಶುರು. ಸಿಬಿಎಸ್‌ಇ ಕೂಡ ಒಂಬತ್ತರಲ್ಲೇ ಮಕ್ಕಳ ಹೆಸರು ನೋಂದಾಯಿಸುತ್ತದೆ, ನೇರವಾಗಿ ಹತ್ತಕ್ಕೆ ಸೇರಿಸುವುದು ತಂದೆ ತಾಯಿಗೆ ವರ್ಗಾವಣೆ ಆದಂಥ ಸಂದರ್ಭಕ್ಕೆ ಇರುವ ಅವಕಾಶ. ಯಾರಾದರೂ "ಹತ್ತಕ್ಕೂ ಮಾಡಿಸಿಕೊಡ್ತೇವೆ" ಅಂದರೆ ಎದ್ದು ಬನ್ನಿ.

ಇನ್ನೊಂದು, ವರ್ಷದ ಲೆಕ್ಕ. ನಮ್ಮಲ್ಲಿ ಮೇ ಕೊನೆ, ಜೂನ್ ಅಂದರೆ ಶಾಲೆ ಶುರು. ಐಬಿ, ಕೇಂಬ್ರಿಡ್ಜ್ ಶಾಲೆಗಳಲ್ಲಿ ಹಲವು ಆಗಸ್ಟಿಗೆ ಶುರುವಾಗುತ್ತವೆ. ನಡುವಿನ ಆ ಖಾಲಿ ತಿಂಗಳುಗಳನ್ನು ಇಂಗ್ಲಿಷ್ ಓದಿಗೆ ಕೊಡಿ, ಕೋಚಿಂಗ್ ಬೇಡ, ದಿನಾ ಒಟ್ಟಿಗೆ ಕೂತು ಕಥೆ ಪುಸ್ತಕ ಓದಿದರೆ ಸಾಕು.

ಸಿಇಟಿಯ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಹೋಗುತ್ತದಾ?

ಹೋಗುತ್ತದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಿಇಟಿ ಅಂದರೆ ಇಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ. ಅದರ ಮೂಲಕ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಗ್ರಾಮೀಣ ಅನ್ನಿಸಿಕೊಳ್ಳಲು ಒಂದರಿಂದ ಹತ್ತರವರೆಗೆ, ಪೂರ್ತಿ 10 ವರ್ಷ, ನಗರಸಭೆ ಪುರಸಭೆಯಂಥ ಪಟ್ಟಣ ವ್ಯಾಪ್ತಿಯ ಹೊರಗಿನ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅಷ್ಟೇ, ಒಂದರಿಂದ ಹತ್ತು. ಎರಡಕ್ಕೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ಪ್ರಮಾಣಪತ್ರ ಬೇಕು. ಇದರಲ್ಲಿ ಒಂಬತ್ತು ವರ್ಷಕ್ಕೆ ಒಂಬತ್ತು ಭಾಗ ಅಂತ ಇಲ್ಲ. ಒಂದು ವರ್ಷ ತಪ್ಪಿದರೂ ಪೂರ್ತಿ ಹೋಯಿತು.

ಯಲ್ಲಾಪುರದ ಒಳಹಳ್ಳಿಯ ಅಥವಾ ಅಂಕೋಲೆಯ ಯಾವುದೋ ಕೇರಿಯ ಮಗು ಐದರವರೆಗೆ ಊರಲ್ಲಿ ಓದಿ ಆರಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೊರಟಿತು ಅಂತಿಟ್ಟುಕೊಳ್ಳಿ. ಆ ದಿನವೇ ಎರಡೂ ಕೋಟಾ ಮುಗಿಯಿತು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ, ಅದೂ ಇದರ ಜೊತೆಗೆ ಹೋಗುತ್ತದೆ. ಮಗ ಸರ್ಕಾರಿ ಸೀಟಿನಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ ಅಂತ ಓದಲಿ ಎಂಬ ಆಸೆ ನಿಮಗಿದ್ದರೆ ಇದು ಸಣ್ಣ ಮಾತಲ್ಲ. ತೋಟದ ಕೆಲಸ ಮಾಡಿಕೊಂಡು ಮಕ್ಕಳನ್ನು ಓದಿಸುವ ಮನೆಗಳಿಗೆ ಈ ಕೋಟಾ ನಿಜವಾದ ಆಸರೆ, ಅದನ್ನು ಗೊತ್ತಿಲ್ಲದೆ ಕಳೆದುಕೊಂಡವರನ್ನು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ.

ಶಿರಸಿ ಅಥವಾ ಕಾರವಾರ ಪೇಟೆಯ ಶಾಲೆಯಲ್ಲೇ ಓದುತ್ತಿರುವ ಮಗುವಿಗೆ ಗ್ರಾಮೀಣ ಕೋಟಾ ಮೊದಲೇ ಇಲ್ಲ. ಇಂಗ್ಲಿಷ್ ಮಾಧ್ಯಮವಾದರೆ ಕನ್ನಡದ್ದೂ ಇಲ್ಲ. ಅಂಥವರು ಈ ಚಿಂತೆ ಬಿಡಬಹುದು.

ಕಾರವಾರದಿಂದ ಗೋವಾ ಹತ್ತಿರ. ಅಲ್ಲಿನ ಶಾಲೆಗೆ ಹಾಕಿದರೆ?

ಮಾಜಾಳಿ ದಾಟಿದರೆ ಗೋವಾ, ಹತ್ತಿರ ಹೌದು. ಆದರೆ ಸಿಇಟಿಯ ಅರ್ಹತೆಗೆ ಮುಖ್ಯ ದಾರಿ ಏನೆಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮತ್ತು ಹತ್ತನೆಯದ್ದೋ ಹನ್ನೆರಡನೆಯದ್ದೋ ಒಂದನ್ನು ಇಲ್ಲೇ ಪಾಸಾಗಿರಬೇಕು. ನಾಲ್ಕನೇ ತರಗತಿವರೆಗೆ ಕಾರವಾರ, ಐದರಿಂದ ಹತ್ತು ಗೋವಾ, ಪಿಯು ಮತ್ತೆ ಇಲ್ಲಿ ಅಂದರೆ ಆರೇ ವರ್ಷ ಆಗುತ್ತದೆ. ಬೇರೆ ಕಲಂಗಳೂ ಇವೆ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಓದಿದ್ದರೆ ಸಿಗುವಂಥದ್ದು ಕೂಡ. ಹಾಗಾಗಿ ದಾರಿ ಮುಚ್ಚಿಹೋಯಿತು ಅಂತಲ್ಲ. ಸಿಇಟಿ ನಡೆಸುವ ಕೆಇಎಯ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಕಲಂಗಳನ್ನು ಕೂತು ಓದಿ, ನಿಮಗೆ ಯಾವುದು ಒಗ್ಗುತ್ತದೆ ಅಂತ ಹೊರಡುವ ಮೊದಲೇ ಗುರುತು ಹಾಕಿಕೊಳ್ಳಿ.

ಮಗುವಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ. ಸೇರಿಸಿಕೊಳ್ಳುತ್ತಾರಾ, ಸುಧಾರಿಸುತ್ತದಾ?

ಸುಧಾರಿಸುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಅಂತ ಬೆಳೆದ ಕಾರವಾರದ ಮಗುವಿಗೆ ಇನ್ನೊಂದು ಭಾಷೆ ಅಂದರೆ ಹೊಸ ಅನುಭವವೇನಲ್ಲ. ಆದರೆ ಮೊದಲ ಕೆಲವು ತಿಂಗಳು ಮಗು ತರಗತಿಯಲ್ಲಿ ಸುಮ್ನೆ ಕೂರುತ್ತದೆ. ಊರಲ್ಲಿ ಎಲ್ಲದಕ್ಕೂ ಮುಂದೆ ಇದ್ದ ಮಗು ಅಲ್ಲಿ ಬಾಯಿ ಬಿಡುವುದಿಲ್ಲ, ಮನೆಗೆ ಬಂದು ಸಿಟ್ಟು ಮಾಡುತ್ತದೆ, ಹೊಟ್ಟೆನೋವು ಅನ್ನುತ್ತದೆ. ಅದು ದಡ್ಡತನ ಅಲ್ಲ. ಆಗ ಮನೆಯಲ್ಲೂ "ಇಂಗ್ಲಿಷಿನಲ್ಲಿ ಮಾತಾಡು" ಅಂತ ಹಿಂದೆ ಬಿದ್ದರೆ ಮಗುವಿಗೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಮನೆಭಾಷೆ ಹವ್ಯಕ ಕನ್ನಡವೋ ಕೊಂಕಣಿಯೋ, ಅದರಲ್ಲೇ ಮಾತಾಡಿ.

ಗಣಿತದಲ್ಲಿ ಒಂದು ಉಪಾಯ ಮಾಡಿ. ಮಗುವಿಗೆ ಭಿನ್ನರಾಶಿ ಗೊತ್ತು, ಲಸಾಅ ಗೊತ್ತು, ತ್ರಿಭುಜದ ವಿಸ್ತೀರ್ಣ ಗೊತ್ತು. ಇಂಗ್ಲಿಷ್ ಹೆಸರು ಮಾತ್ರ ಗೊತ್ತಿಲ್ಲ. ಬೇಸಿಗೆ ರಜೆಯಲ್ಲಿ ಹಳೆಯ ಗಣಿತ ಮತ್ತು ವಿಜ್ಞಾನ ಪುಸ್ತಕ ಹಿಡಿದು, ಎಡಕ್ಕೆ ಕನ್ನಡ ಬಲಕ್ಕೆ ಇಂಗ್ಲಿಷ್ ಬರೆದ ಒಂದು ನೋಟ್‌ಬುಕ್ ಮಗುವಿನ ಕೈಯಲ್ಲೇ ಮಾಡಿಸಿ. ರಾಜ್ಯದ ಪಠ್ಯಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಇಲಾಖೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ, ಪಾಠಕ್ಕೆ ಪಾಠ ಇಟ್ಟು ನೋಡಬಹುದು. ನನ್ನ ಮಗಳಿಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಹುಡುಕಿ ಕಲಿಯುವ ಕ್ರಮದಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಸರಕು ಬಹಳ ಇದೆ. ನೀರಿನ ಬಗ್ಗೆ ಪಾಠ ಬಂದರೆ ಅಘನಾಶಿನಿಯ ಉಬ್ಬರ ಇಳಿತ ನೋಡಿದ, ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ನೋಡಿದ ಮಗು ಹೇಳುವ ಮಾತನ್ನು ನಗರದ ಮಗು ಹೇಳಲಾರದು. ಇದನ್ನು ಶಿಕ್ಷಕರ ಕಿವಿಗೆ ಹಾಕಿ.

ಪ್ರವೇಶ ಪರೀಕ್ಷೆ, ಪಾಲಕರ ಸಂದರ್ಶನ ಇರುತ್ತದಾ?

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಮಗುವನ್ನಾಗಲಿ ಪಾಲಕರನ್ನಾಗಲಿ ಸೋಸಿ ಆರಿಸುವಂತಿಲ್ಲ, ಡೊನೇಷನ್ ತೆಗೆದುಕೊಳ್ಳುವಂತಿಲ್ಲ. ಆದರೂ "ಮಾತುಕತೆ", "ಮಟ್ಟ ನೋಡುವುದು" ಅಂತ ನಡೆಯುತ್ತದೆ. ಹೋಗಿ, ಆದರೆ ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಮಾತಾಡಿ, ನಾಚಿಕೆಯ ವಿಷಯ ಅಲ್ಲ. ಕನ್ನಡದಲ್ಲಿ ಮಾತಾಡಿದ ಪಾಲಕರನ್ನು ಕಡೆಗಣಿಸುವ ಶಾಲೆ ಕನ್ನಡದ ಮಗುವನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಯಾವ ಯಾವ ದಾಖಲೆ ಬೇಕು?

ಟಿಸಿ, ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್, ಸ್ಯಾಟ್ಸ್ ನಂಬರ್ (ರಾಜ್ಯದ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ), ಯುಡೈಸ್‌ನ ಪೆನ್ ನಂಬರ್ (ಕೇಂದ್ರದ ದಾಖಲೆಯದ್ದು). ಹೊರರಾಜ್ಯಕ್ಕೆ ಹೋಗುವುದಾದರೆ ಟಿಸಿಗೆ ಬಿಇಒ ಮೇಲುರುಜು ಹಾಕಿಸಿಕೊಳ್ಳಿ.

ನಮ್ಮ ಕಡೆ ತೊಂದರೆ ಬರುವುದು ಹೆಸರಿನಲ್ಲಿ. ಶಾಲೆಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಉದ್ದಕ್ಕೆ ಬರೆದಿರುತ್ತಾರೆ, ಆಧಾರಿನಲ್ಲಿ ಬರೀ ಇನಿಷಿಯಲ್, ಜನನ ಪತ್ರದಲ್ಲಿ ಹೆಗಡೆ ಅಂತಿದ್ದದ್ದು ಇನ್ನೊಂದರಲ್ಲಿ ಹೆಗ್ಡೆ. ಟಿಸಿ ತೆಗೆದುಕೊಳ್ಳುವ ಮೊದಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ, ತಪ್ಪಿದ್ದರೆ ಊರ ಶಾಲೆಯ ಮುಖ್ಯ ಮಾಸ್ತರ ಹತ್ತಿರ ಹೇಳಿ ಸರಿ ಮಾಡಿಸಿ. ಊರು ಬಿಟ್ಟ ಮೇಲೆ ಇದೇ ಕೆಲಸಕ್ಕೆ ರಜೆ ಹಾಕಿ ಓಡಾಡಬೇಕಾಗುತ್ತದೆ.

ಫೀಸು ಎಷ್ಟಾಗುತ್ತದೆ?

ಶಾಲೆಗೊಂದು ದರ, ವರ್ಷಕ್ಕೆ ಲಕ್ಷಗಳಲ್ಲಿ. ಒಂದೇ ಸಂಖ್ಯೆ ಕೇಳಿ ಬರಬೇಡಿ. ಪ್ರವೇಶ ಶುಲ್ಕ, ಠೇವಣಿ, ಬಸ್ಸು, ಊಟ, ಯೂನಿಫಾರ್ಮ್, ಲ್ಯಾಪ್‌ಟಾಪ್, ಪ್ರವಾಸ ಎಲ್ಲ ಬೇರೆ ಬೇರೆ ಇರುತ್ತದೆ. ಐಜಿಸಿಎಸ್‌ಇ, ಐಬಿ ಪರೀಕ್ಷೆಯ ಶುಲ್ಕ ಮತ್ತೆ ಬೇರೆ. ಠೇವಣಿ ಯಾವಾಗ, ಎಷ್ಟು ವಾಪಸ್ ಬರುತ್ತದೆ ಅಂತ ಬರೆಸಿಕೊಳ್ಳಿ. ಪ್ರತಿ ವರ್ಷ ಎಷ್ಟು ಏರಿಸುತ್ತಾರೆ ಅಂತ ಕೇಳಿ, ಹತ್ತನೇ ತರಗತಿವರೆಗಿನ ಒಟ್ಟು ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ವರ್ಷ ಹೇಗೋ ಕಟ್ಟಿಬಿಡಬಹುದು, ತ್ರಾಸು ಬರುವುದು ಮೂರನೇ ವರ್ಷಕ್ಕೆ.

ಕಂತು ಯಾವಾಗ ಬೀಳುತ್ತದೆ ಅನ್ನುವುದೂ ನಮಗೆ ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟಿನ ಮೇಲೆ ನಿಂತ ಮನೆಗೆ ದುಡ್ಡು ಇಲ್ಲದ ಹೊತ್ತಿಗೇ ಶಾಲೆಯ ಮೊದಲ ಕಂತು ಬರುತ್ತದೆ. ಅಡಿಕೆಯವರದ್ದು ಬೇರೆ ತಾಪತ್ರಯ: ಕೊಳೆ ರೋಗ ಬಂದ ವರ್ಷ ಆದಾಯ ಅರ್ಧ, ಫೀಸು ಪೂರ್ತಿ. ಕಂತಿನ ದಿನ ಬದಲಿಸಿ ಅಂತ ಬಾಯಿಬಿಟ್ಟು ಕೇಳಿ, ಕೆಲವು ಶಾಲೆಗಳು ಒಪ್ಪುತ್ತವೆ. ತೋಟ ಅಡವಿಟ್ಟು ಮಾತ್ರ ಬೇಡ. ಆರನೇ ತರಗತಿಯ ಶಾಲೆಗೆ ತೋಟ ಹೋದರೆ ಕಾಲೇಜಿಗೆ ಏನಿರುತ್ತದೆ?

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎರಡು ಮಕ್ಕಳವರೆಗೆ ಟ್ಯೂಷನ್ ಫೀಸಿನ ಭಾಗಕ್ಕೆ, 1.5 ಲಕ್ಷದ ಮಿತಿಯೊಳಗೆ, ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ರಸೀದಿ ಇಟ್ಟುಕೊಳ್ಳಿ.

ದಿನಾ ಬಸ್ಸಿನಲ್ಲಿ ಓಡಾಡುವುದಾ, ಹಾಸ್ಟೆಲ್ಲಾ?

ಘಟ್ಟ ಹತ್ತಿ ಇಳಿಯುವ ದಾರಿಯಾದರೆ ದಿನದ ಓಡಾಟ ಬೇಡ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಸ್ಥಿತಿ ನಿಮಗೆ ಗೊತ್ತಿದೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು, ಮುಂದಿನ ತಿಂಗಳು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟರೂ ಆ ರಜೆ ನಮ್ಮ ಜಿಲ್ಲೆಗೆ ಮಾತ್ರ, ಹುಬ್ಬಳ್ಳಿಯ ಶಾಲೆ ಅಂದು ತೆರೆದೇ ಇರುತ್ತದೆ. ಹೋಗಿಬರಲು ಒಟ್ಟು ಎರಡು ತಾಸಿಗಿಂತ ಜಾಸ್ತಿ ಹಿಡಿಯುತ್ತದೆ ಅಂದರೆ ಬೇರೆ ಶಾಲೆ ನೋಡಿ.

ಹಾಸ್ಟೆಲ್ ಬಗ್ಗೆ: ನವೋದಯ ಬಿಟ್ಟರೆ, ಏಳನೇ ತರಗತಿಗೆ ಮೊದಲು ನಾನಾದರೆ ಕಳಿಸುವುದಿಲ್ಲ. ಕಳಿಸುವುದೇ ಆದರೆ ಊಟದ ಹೊತ್ತಿಗೆ ಹೋಗಿ ನೋಡಿ. ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡ ಮಗುವಿಗೆ, ಅಥವಾ ಬೆಳಿಗ್ಗೆ ತೆಳ್ಳೇವು ಇಲ್ಲದೆ ಏಳದ ಮಗುವಿಗೆ, ಮೊದಲ ತ್ರಾಸು ಪಾಠದ್ದಲ್ಲ, ಊಟದ್ದು. ವಾರ್ಡನ್ ಯಾರು, ರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆ, ಮನೆಗೆ ಫೋನ್ ಮಾಡಲು ಯಾವಾಗ ಬಿಡುತ್ತಾರೆ, ಇಷ್ಟು ಕೇಳಿಕೊಳ್ಳಿ.

ಕನ್ನಡ ಬಿಟ್ಟುಹೋಗುತ್ತದಾ?

ಶಾಲೆ ಕರ್ನಾಟಕದಲ್ಲಿದ್ದರೆ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು, ಬೋರ್ಡ್ ಯಾವುದೇ ಇರಲಿ. ಆದರೆ ವಾರಕ್ಕೆ ಎಷ್ಟು ಪೀರಿಯಡ್, ಯಾರು ಕಲಿಸುತ್ತಾರೆ, ಊರ ಶಾಲೆಯಿಂದ ಬಂದು ಸರಾಗವಾಗಿ ಓದುವ ಮಗುವಿಗೂ ಅ ಆ ಇ ಈ ಹೇಳಿಕೊಡುತ್ತಾರಾ ಅಂತ ಕೇಳಿ. ಉಳಿದದ್ದು ಮನೆಯ ಕೆಲಸ. ರಜೆಗೆ ಬಂದಾಗ ಅಜ್ಜಿಗೆ ಪೇಪರ್ ಓದಿ ಹೇಳಲಿ, ಯಕ್ಷಗಾನಕ್ಕೆ ಕರೆದುಕೊಂಡು ಹೋಗಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಆ ಶಾಲೆಯಲ್ಲಿ ರಜೆ ಇರುವುದಿಲ್ಲ, ನೀವೇ ರಜೆ ಕೇಳಿ ಕರೆತನ್ನಿ.

ಹತ್ತರ ನಂತರ ಪಿಯು, ನೀಟ್, ಸಿಇಟಿಗೆ ತೊಂದರೆ ಆಗುತ್ತದಾ?

ಐಜಿಸಿಎಸ್‌ಇ, ಎ ಲೆವೆಲ್, ಐಬಿ ಡಿಪ್ಲೊಮಾಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ತನ್ನ ಷರತ್ತುಗಳ ಮೇಲೆ ಇಲ್ಲಿನ ಹತ್ತು, ಹನ್ನೆರಡಕ್ಕೆ ಸಮ ಅಂತ ಒಪ್ಪುತ್ತದೆ. ಮಾನ್ಯತೆ ತೊಂದರೆ ಅಲ್ಲ, ತೊಂದರೆ ದಿನಾಂಕದ್ದು. ಕೇಂಬ್ರಿಡ್ಜ್‌ನ ಮೇ-ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟಿನಲ್ಲಿ, ಆಗ ಪಿಯು ತರಗತಿ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಭಾರತದ ಶಾಲೆಗಳಿಗೆ ಫೆಬ್ರವರಿ-ಮಾರ್ಚ್ ಪರೀಕ್ಷೆಯೂ ಇದೆ, ಅದರ ಫಲಿತಾಂಶ ಮೇ ತಿಂಗಳಲ್ಲೇ ಸಿಗುತ್ತದೆ. ಪಿಯುಗೆ ವಾಪಸ್ ಬರುವ ಯೋಚನೆ ಇದ್ದರೆ ಶಾಲೆ ಯಾವ ಪರೀಕ್ಷೆ ಬರೆಸುತ್ತದೆ ಅಂತ ಸೇರುವ ಮೊದಲೇ ಕೇಳಿ.

ವೈದ್ಯಕೀಯ ಮನಸ್ಸಿನಲ್ಲಿದ್ದರೆ ಹತ್ತರ ನಂತರ ಪಿಯು ಒಳ್ಳೆಯದು ಅಂತ ನನ್ನ ಅನಿಸಿಕೆ. ನಮ್ಮ ಪಿಯು ವಿಜ್ಞಾನ ಎನ್‌ಸಿಇಆರ್‌ಟಿ ಪಠ್ಯದ ಮೇಲೆ ನಿಂತಿದೆ, ನೀಟ್ ಕೂಡ ಅದೇ ದಾರಿ. ಐಬಿ ಡಿಪ್ಲೊಮಾದ ಸಾಮಾನ್ಯ ಹಂಚಿಕೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಒಟ್ಟಿಗೆ ಕೂರುವುದಿಲ್ಲ, ಶಾಲೆ ವಿಶೇಷ ಅನುಮತಿ ಕೇಳಬೇಕಾಗುತ್ತದೆ.

ಮಗು ವಿದೇಶದಲ್ಲಿ ಓದಬೇಕು, ಅಥವಾ ಬರವಣಿಗೆ, ವಿನ್ಯಾಸ, ಸಂಶೋಧನೆ ಕಡೆ ಒಲವಿದೆ ಅಂದರೆ ಐಬಿಯ ಓದು ನಿಜಕ್ಕೂ ಚೆಂದ. ನನ್ನ ಮಗಳು ಒಂದು ವಿಷಯವನ್ನು ತಾನೇ ಹುಡುಕಿ, ನಾಲ್ಕು ಜನರ ಮುಂದೆ ನಿಂತು ಹೇಳುವುದನ್ನು ಕಲಿತಳು.

ಶಾಲೆ ನೋಡಲು ಹೋದಾಗ ಏನು ನೋಡಬೇಕು?

ಈಜುಕೊಳ, ಕುದುರೆ ಎಲ್ಲ ತೋರಿಸುತ್ತಾರೆ. ನೀವು ಮಕ್ಕಳ ನೋಟ್‌ಬುಕ್ ಕೇಳಿ. ಶಿಕ್ಷಕರು ತಿದ್ದಿದ್ದಾರಾ, ಮಗು ಸ್ವಂತ ಮಾತಿನಲ್ಲಿ ಬರೆದಿದೆಯಾ ಅಂತ ಅದರಲ್ಲಿ ತಿಳಿಯುತ್ತದೆ. ಹೋದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು ಅಂತಲೂ ಕೇಳಿ. ಕನ್ನಡ ಮಾಧ್ಯಮದಿಂದ ಬಂದ ಮಗು ಯಾವುದಾದರೂ ಇದ್ದರೆ ಅದರ ಪಾಲಕರ ಹತ್ತಿರ ಮಾತಾಡಿ. ಅಂಥ ಒಂದೂ ಮಗು ಇಲ್ಲದಿದ್ದರೆ ನಿಮ್ಮದೇ ಮೊದಲನೆಯದು, ಇಂಗ್ಲಿಷಿಗೆ ಬೇರೆ ಸಹಾಯ ಏನು ಕೊಡುತ್ತೀರಿ ಅಂತ ಬರಹದಲ್ಲಿ ಪಡೆಯಿರಿ.

ಮಗುವಿಗೇ ಹೋಗಲು ಮನಸ್ಸಿಲ್ಲ. ಒತ್ತಾಯ ಮಾಡಬಹುದಾ?

ಗೆಳೆಯರನ್ನು ಬಿಡಲಾರದೆ ಅಳುವುದು ಬೇರೆ, ಅದು ನಿಧಾನಕ್ಕೆ ಸರಿಹೋಗುತ್ತದೆ. ಶಾಲೆ ನೋಡಿ ಬಂದ ಮೇಲೂ, ವಾರ ಕಳೆದು ಸಮಾಧಾನದಲ್ಲಿ ಕೇಳಿದಾಗಲೂ ಬೇಡ ಅಂದರೆ ಒಂದು ವರ್ಷ ತಡೆಯಿರಿ. ಐದರ ಬದಲು ಆರು ಮುಗಿಸಿ ಹೋದರೆ ಮುಳುಗಿಹೋಗುವುದು ಏನಿಲ್ಲ.

ಒಗ್ಗದಿದ್ದರೆ ಊರ ಶಾಲೆಗೆ ವಾಪಸ್ ಬರಬಹುದಾ?

ಖಂಡಿತ. ಎಂಟನೇ ತರಗತಿವರೆಗೆ ಇದು ಮಗುವಿನ ಹಕ್ಕು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವ ಮಗುವಿಗೆ ಹಿಂದಿನ ಶಾಲೆ ಕೂಡಲೇ ಟಿಸಿ ಕೊಡಬೇಕು, ಟಿಸಿ ತಡವಾಯಿತು ಅಂತ ಇಲ್ಲಿನ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಫೀಸು ಬಾಕಿ ಅಂತ ಅಲ್ಲಿ ಟಿಸಿ ಹಿಡಿದಿಟ್ಟರೂ ಮೊದಲು ಮಗುವನ್ನು ಇಲ್ಲಿ ಸೇರಿಸಿ, ಸ್ಯಾಟ್ಸ್ ನಂಬರ್ ವರ್ಗ ಆಗದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ. ಎಸ್‌ಎಸ್‌ಎಲ್‌ಸಿ ಬರೆಸುವ ಯೋಚನೆ ಇದ್ದರೆ ಎಂಟು ಮುಗಿಯುವುದರೊಳಗೆ ತೀರ್ಮಾನ ಮಾಡಿ ಒಂಬತ್ತಕ್ಕೆ ಇಲ್ಲಿ ಕೂರಿಸಿ, ಕನ್ನಡ ಪ್ರಥಮ ಭಾಷೆಯ 125 ಅಂಕದ ಪತ್ರಿಕೆಗೆ ಅಷ್ಟು ಸಮಯ ಬೇಕೇ ಬೇಕು.